ಬರೆದವಳ ನಮಸ್ಕಾರ

ವಿದ್ಯಾಶ್ರೀ,

ನೀನು ನನ್ನನ್ನು ಬ್ಲಾಕ್ ಮಾಡಿದ್ದೀಯ, ಆದ್ದರಿಂದ ಇದು ನಿನಗೆ ಮುಟ್ಟುವುದಿಲ್ಲ. ಆದರೂ ಹೇಳುತ್ತೇನೆ.

ಇವತ್ತು ನಿಮ್ಮವ್ವ ಮೊಬೈಲ್ ಹಿಡಿದು ನಮ್ಮ ಮನೆಗೆ ಬಂದಿದ್ದಳು. "ಗದಗಿನ್ಯಾಗ ಮಗಳು ಹೆಂಗದಾಳೋ, ಒಂದ್ ಮೆಸೇಜ್ ಹಾಕವಾ ಮಮತಾ," ಎಂದಳು. ನಾವು ಮಾತು ಬಿಟ್ಟಿದ್ದು ಅವಳಿಗೆ ಗೊತ್ತಿಲ್ಲ. ನೀನು ಬ್ಲಾಕ್ ಮಾಡಿದ ದಿನ ನನ್ನ ಮೊಬೈಲಿನಿಂದ ಮಾಯವಾದ ನಿನ್ನ ಫೋಟೊ ಅವಳದರಲ್ಲಿತ್ತು. ಕೂದಲು ಕತ್ತರಿಸಿಕೊಂಡಿದ್ದೀಯ.

ಮೆಣಸಿನಕಾಯಿ ಒಣಗಿವೆ, ಒಯ್ಯಲು ಬಾ ಎಂದು ಅವಳು ಹೇಳಿದಂತೆ ಬರೆದೆ. ಕಳಿಸುವಷ್ಟರಲ್ಲಿ ಕೈ ಹಿಡಿದಳು.

"ಬರದವ್ರ ನಮಸ್ಕಾರ ಕೆಳಗ ಇರಬೇಕು. ನಿನ್ನ ಹೆಸರು ಹಾಕು."

ಕಾಗದ ಬರೆಸುತ್ತಿದ್ದ ಕಾಲದ ರೂಢಿ ಅದು. ಬೇಡವೆಂದರೂ ಕೇಳಲಿಲ್ಲ. ಹಾಕಿದೆ.

ನೀನು ಓದಿದೆ. ಏನೋ ಟೈಪ್ ಮಾಡತೊಡಗಿ ನಿಲ್ಲಿಸಿದೆ. ಸ್ವಲ್ಪ ಹೊತ್ತಿಗೆ ನಿನ್ನ ಫೋಟೊ ಅವಳ ಮೊಬೈಲಿನಿಂದಲೂ ಹೋಯಿತು. ನಾನು ಮತ್ತೊಂದು ಮೆಸೇಜ್ ಹಾಕಿ ನೋಡಿದೆ, ಮುಟ್ಟಲಿಲ್ಲ.

"ಏನಂದ್ಲು?" ಓದಲು ಬಾರದ ನಿಮ್ಮವ್ವ ನನ್ನ ಮುಖವನ್ನೇ ನೋಡುತ್ತಿದ್ದಳು.

"ಆರಾಮ ಅದೀನಿ, ಬರ್ತೀನಿ ಅಂದಾಳ ದೊಡ್ಡವ್ವ."

"ಇನ್ನೊಮ್ಮಿ ಓದು."

ಉತ್ತರವಿಲ್ಲದ ಪರದೆಯ ಮೇಲೆ ಬೆರಳಿಟ್ಟು, ನಿಧಾನವಾಗಿ ಇನ್ನೊಮ್ಮೆ ಓದಿದೆ. ನಾಳೆ ಮತ್ತೆ ಬರೆಸಲು ಬರುತ್ತಾಳಂತೆ.