ಬೋರಲು ಬಿದ್ದ ಹೆಸರು

೧೪ ಜೂನ್ ೨೦೨೫, ಶನಿವಾರ. ಲಿನ್‌ವುಡ್.

ಬೆಳಗಿನ ಸಿಟ್ಟು ಇನ್ನೂ ಇಳಿದಿಲ್ಲ. ಆ ಕಲ್ಲು ಕೆಡವಿದವರ ಕೈ ಸೇದಿಹೋಗಲಿ.

ನನ್ನ ಅಜ್ಜ ಹಡಗಿನಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದವರು, ಗ್ಲಾಸ್ಗೋದಲ್ಲಿ ಸತ್ತರು. ಜೊತೆಯವರು ಚಂದಾ ಎತ್ತಿ ಗೋರಿಗೆ ಕಲ್ಲು ನೆಟ್ಟಿದ್ದರಂತೆ. ಮನೆಯವರೊಬ್ಬರು ಅದರ ಮುಂದೆ ಫಾತಿಹಾ ಓದಬೇಕು ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು.

ಮೊಮ್ಮಗಳು ನಬೀಲಾ ಆಫೀಸಿನ ಕೆಲಸಕ್ಕೆ ಅಲ್ಲಿಗೆ ಹೋಗಿದ್ದಾಳೆ. ಹಳೇ ಸ್ಮಶಾನದಿಂದ ವಿಡಿಯೋ ಕಾಲ್ ಮಾಡಿದಳು. ಸಾಲು ಸಿಕ್ಕಿತು, ಗೋರಿ ಸಿಗಲಿಲ್ಲ. ಆ ಸಾಲಿನ ಕಲ್ಲುಗಳನ್ನೆಲ್ಲ ಬೋರಲು ಮಲಗಿಸಿದ್ದಾರೆ. ಬೆನ್ನು ಆಕಾಶಕ್ಕೆ, ಹೆಸರು ಮಣ್ಣಿಗೆ.

"ಸೇಫ್ಟಿಗೆ ಅಂತ ಇಲ್ಲಿನ ಸ್ಮಶಾನದವರೇ ಮಲಗಿಸಿದ್ದಂತೆ ದಾದಾ. ಯಾರ ಮೇಲಾದ್ರೂ ಬೀಳಬಾರ್ದಲ್ಲ."

"ಇಷ್ಟು ವರ್ಷ ನಿಂತಿದ್ದ ಕಲ್ಲು ನಿನ್ನ ನೋಡಿ ಬೀಳ್ತಿತ್ತಾ? ಎತ್ತು ಅದನ್ನ!"

"ಐ ಕಾಂಟ್! ಇಟ್ಸ್ ಟೂ ಹೆವಿ."

"ಮತ್ತೆ ದಿನಾ ಜಿಮ್ಮಿಗೆ ಯಾಕೆ ಸಾಯ್ತೀಯಾ?"

ಹಿಂದಿನಿಂದ ನನ್ನ ಹೆಂಡತಿ ಅಖ್ತರ್ ಜಹಾನ್, "ಮಗು ಮೇಲೆ ಯಾಕ್ರೀ ಕೂಗಾಡ್ತೀರಾ? ಮಲಗಿಸಿದ್ದು ಅವಳಾ?" ಎಂದಳು. ಅವಳ ಮೇಲೂ ಕೂಗಾಡಿದೆ.

ಆಮೇಲೆ ನಬೀಲಾ ಫೋನು ಹಿಡಿದು ಆ ಸಾಲಿನುದ್ದಕ್ಕೂ ನಡೆದಳು. ಒಂದೊಂದು ಕಲ್ಲಿಗೂ ನಿಲ್ಲಿಸಿ ಫಾತಿಹಾ ಓದಿದೆ. ಓದಿದೆನೋ ಬೈದೆನೋ ನನಗೇ ಗೊತ್ತಿಲ್ಲ. ಅಜ್ಜನಿಗೆ ಒಂದಂತೂ ಸಿಕ್ಕಿರಬೇಕು. ಉಳಿದದ್ದನ್ನು ಪಕ್ಕದಲ್ಲಿ ಮಲಗಿರುವ ಬಿಳಿಯರೇ ಇಟ್ಟುಕೊಳ್ಳಲಿ. ಅವರ ಹೆಸರನ್ನೂ ಅವರ ಜನವೇ ಮಣ್ಣು ಮಾಡಿದ್ದಾರಲ್ಲ, ಥೂ!