ಅರ್ಧ ಗುಳಿಗೆಯ ದಿನಗಳು

ಮಾರ್ಚ್ ೨, ಸೋಮವಾರ. ಪ್ರಾತಃಕಾಲ.

ಕಾಲವನ್ನು ನಡೆಸುವವನೂ ತಾನು ಕಾಲಕ್ಕೆ ಒಳಪಡದವನೂ ಆದ ಪರಮಾತ್ಮನಿಗೆ ನಮಸ್ಕರಿಸಿ ಈ ಪುಟವನ್ನು ಆರಂಭಿಸಿದ್ದೇನೆ. ಹಿಂದಿನ ತಿಂಗಳು ಗುಳಿಗೆ ಮುಕ್ಕಾಲು, ಇಂದಿನಿಂದ ಅರ್ಧ. ತಮ್ಮ ತೀರಿಕೊಂಡಾಗ ಎದೆಯ ತಳಮಳಕ್ಕೆಂದು ಕೆಲವು ದಿನಗಳ ಮಟ್ಟಿಗೆ ಬರೆದುಕೊಟ್ಟದ್ದು. ಆರು ವರ್ಷ ನುಂಗಿದೆ. ಈಗ ಅದಿಲ್ಲದೆ ಕೈ ನಿಲ್ಲದು, ಮನಸ್ಸೂ ನಿಲ್ಲದು.

ಡಾಕ್ಟರಮ್ಮನ ಮಾತು: "ಒಂದೇ ಸಲ ಬಿಟ್ರೆ ಫಿಟ್ಸ್ ಬರಬಹುದು. ಹಟ ಬೇಡ, ನಿಧಾನಕ್ಕೆ ಇಳಿಸೋಣ. ಮಧ್ಯಾಹ್ನ ಊಟ ಆದ್ಮೇಲೆ ಮಲಗಿ."

ಗುಳಿಗೆಯ ಡಬ್ಬಿ ನನ್ನವಳ ಸುಪರ್ದಿನಲ್ಲಿ. ಒಂದು ಸ್ಟ್ರಿಪ್ ಮಾತ್ರ, ರಿಪೇರಿಗೆ ಬಂದ ವಕೀಲರ ಗಡಿಯಾರದ ಪೆಟ್ಟಿಗೆಯೊಳಗೆ, ಲೋಲಕದ ಹಿಂದೆ ಇಟ್ಟಿದ್ದೇನೆ. ಕೈಗೆಟುಕುವಂತಿರಲೆಂದು, ಅಷ್ಟೇ.

ಮಾರ್ಚ್ ೫.

ಬೆವರು. ನಾಲಗೆಯ ಮೇಲೆ ಲೋಹದ ರುಚಿ. ವಕೀಲರದೂ ಸೇರಿ ಮುಂಗೋಣೆಯ ಮೂರು ಗೋಡೆ ಗಡಿಯಾರಗಳ ಸದ್ದು ತಲೆಯೊಳಗೆ ಮೊಳೆ ಬಡಿದಂತೆ. ಜೀವಮಾನವೆಲ್ಲ ಅನ್ನವಿಕ್ಕಿದ ನಾದವಿದು.

"ಸ್ವಲ್ಪ ದಿನ ಕೆಲಸ ಬಿಡಿ ರೀ" ಎಂದಳು.

"ರಿಪೇರಿ ಆದ ಗಡಿಯಾರ ಒಂದು ವಾರ ಗೋಡೆ ಮೇಲೆ ಓಡಲೇಬೇಕು ಕಣೇ. ಇಲ್ದಿದ್ರೆ ಯಾವ ಮುಖ ಇಟ್ಕೊಂಡು ಕೊಡ್ಲಿ?"

"ಸರಿ, ಅವು ಓಡ್ಲಿ. ನೀವಾದ್ರೂ ಮಲಗಿ."

ಮಾರ್ಚ್ ೧೧.

ಸೋಜಿಗ. ಒಂದು ಗಡಿಯಾರ ನಾಲ್ಕು ನಿಮಿಷ ಹಿಂದೆ, ಇನ್ನೊಂದು ಆರು ನಿಮಿಷ ಮುಂದೆ. ಸರಿಪಡಿಸಿದರೆ ಮರುದಿನ ಮುಂದಿದ್ದುದು ಹಿಂದೆ. ಬಿಚ್ಚಿ ನೋಡಿದೆ; ಚಕ್ರದ ಹಲ್ಲು, ಸ್ಪ್ರಿಂಗ್, ಎಲ್ಲ ನೆಟ್ಟಗಿವೆ. ದೋಷ ಯಂತ್ರದಲ್ಲಿಲ್ಲವೆಂದ ಮೇಲೆ ನನ್ನ ಕೈಯಲ್ಲಿಯೇ ಇರಬೇಕು.

ವಕೀಲರು ಬಂದು ಗೋಡೆ ನೋಡಿದರು. "ಏನ್ರೀ ಯಜಮಾನ್ರೇ, ಮೂರು ಸಾಕ್ಷಿ, ಮೂರು ಹೇಳಿಕೆ. ಹೀಗಾದ್ರೆ ಕೇಸು ಬಿದ್ದ ಹಾಗೇ."

ನಕ್ಕೆ. ಅವರು ಹೋದ ಬಳಿಕ ಬಾಗಿಲ ಹಿಂದೆ ನಿಂತು ನಡುಗಿದೆ.

ಮಾರ್ಚ್ ೧೬.

ಇಷ್ಟು ದಿನ ಬರೆಯಲಾಗಲಿಲ್ಲ. ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ.

ಬೆಳಿಗ್ಗೆ ಅವಳು ಅಡುಗೆಮನೆಯಲ್ಲಿದ್ದಾಗ ವಕೀಲರ ಗಡಿಯಾರದ ಬಾಗಿಲು ತೆರೆದೆ. ಪೂರ್ಣ ಗುಳಿಗೆ ನುಂಗುತ್ತಿದ್ದಾಗ ಕೈ ಸ್ಥಿರವಾಗಿತ್ತು... ಒಂದೇ ಒಂದು. ಸ್ಟ್ರಿಪ್ ಸಿಕ್ಕಿತು. ಒಂದನ್ನು ಬಿಡಿಸಿ ಅಂಗೈಗೆ ಹಾಕಿಕೊಂಡೆ. ಆಗ ಕಂಡಿತು: ಲೋಲಕದ ಹಿತ್ತಾಳೆಯ ಬಿಲ್ಲೆಯ ಮೇಲೆ ಎಣ್ಣೆಗೈಯ ಬೆರಳಚ್ಚು. ಬಟ್ಟೆಯಿಲ್ಲದೆ ಹಿತ್ತಾಳೆಯನ್ನು ಮುಟ್ಟಿದವನಲ್ಲ ನಾನು. ಉಳಿದೆರಡರಲ್ಲಿಯೂ ಅದೇ ಗುರುತು.

ಅವಳನ್ನು ಕರೆದು ಕೇಳಿದೆ.

"ನೀವು ಮಧ್ಯಾಹ್ನ ಮಲಗಿದ ತಕ್ಷಣ ಮೂರನ್ನೂ ನಿಲ್ಲಿಸ್ತಿದ್ದೆ. ಏಳೋ ಹೊತ್ತಿಗೆ ಅಡುಗೆಮನೆ ಗಡಿಯಾರ ನೋಡ್ಕೊಂಡು ಮುಳ್ಳು ತಿರುಗಿಸ್ತಿದ್ದೆ. ಆ ಸದ್ದಿಗೆ ನಿದ್ದೇಲೂ ಬೆಚ್ಚಿ ಬೀಳ್ತಿದ್ರಿ. ಕೇಳಿದ್ರೆ ಬೇಡ ಅಂತಿದ್ರಿ."

"ಹಾಗಾದ್ರೆ... ಇದೂ ಕಂಡಿತ್ತೇನು?" ಅಂಗೈ ಬಿಚ್ಚಿದೆ.

"ಮೊದಲ್ನೇ ದಿನಾನೇ. ತೆಗೆದ್ರೆ ಇನ್ನೆಲ್ಲೋ ಬಚ್ಚಿಡ್ತಿದ್ರಿ. ಇಲ್ಲಿದ್ರೆ ದಿನಾ ನೋಡ್ಬಹುದಿತ್ತು, ಹತ್ತೂ ಇದೆ ಅಂತ." ನನ್ನ ಅಂಗೈ ನೋಡಿದಳು. "ಇವತ್ತು ಒಂಬತ್ತಾಗುತ್ತಾ?"

ಗುಳಿಗೆಯನ್ನೂ ಸ್ಟ್ರಿಪ್ಪನ್ನೂ ಅವಳ ಕೈಯಲ್ಲಿಟ್ಟೆ.

ಮಾರ್ಚ್ ೧೭. ಮಧ್ಯಾಹ್ನ, ಊಟವಾದ ಬಳಿಕ.

ಡಾಕ್ಟರಮ್ಮನಿಗೆ ಎಲ್ಲವನ್ನೂ ನಿವೇದಿಸಿದೆವು. ಸದ್ಯಕ್ಕೆ ಅರ್ಧದಲ್ಲಿಯೇ ಇರೋಣ ಎಂದರು. ಇನ್ನೆಷ್ಟು ತಿಂಗಳೋ, ಅವರೂ ಹೇಳಲಾರರು. ನಡುಕ ಹಾಗೆಯೇ ಇದೆ. ಗಡಿಯಾರ ತಡವಾಗುವುದೆಂದು ವಕೀಲರಿಗೆ ತಿಳಿಸಿದೆ.

ನನ್ನ ಹತ್ತಿಬಟ್ಟೆಯನ್ನು ಅವಳಿಗೆ ಕೊಟ್ಟು, ಬಿಲ್ಲೆಯನ್ನು ಹೇಗೆ ಹಿಡಿದು ನಿಲ್ಲಿಸಬೇಕೆಂದು ತೋರಿಸಿದೆ. ನನ್ನ ಕೈ ನಡುಗಿತು. ಅವಳದು ನಡುಗಲಿಲ್ಲ.

ಗುಳಿಗೆ ಬರೆದವರಿಗೂ, ಬಿಡಿಸುತ್ತಿರುವವರಿಗೂ, ತಾಳಿಕೊಂಡ ವಕೀಲರಿಗೂ ಭಗವಂತನು ಆಯುರಾರೋಗ್ಯವನ್ನು ದಯಪಾಲಿಸಲಿ. ಅಗಲಿದ ತಮ್ಮನಿಗೆ ಸದ್ಗತಿಯಾಗಲಿ. ಮುಂಗೋಣೆಯಲ್ಲಿ ಎರಡು ಸದ್ದು ನಿಂತವು. ಈಗ ಮೂರನೆಯದೂ... ಕಣ್ಣಿಗೆ ನಿದ್ದೆ ಹತ್ತುತ್ತಿದೆ. ಎಲ್ಲವನ್ನೂ ಕಂಡು ಸುಮ್ಮನಿದ್ದ ಇವಳಿಗೆ—