ದೇವರಿಗೆ ಬಹುವಚನ

ಜೂನ್ 3, ಸೋಮವಾರ

ಬೆಳಗಿನ ಪ್ರಾರ್ಥನೆಗಳ ಭಾಗದ ಪ್ರೂಫ್ ಮುಗಿಯಿತು. ಕಣ್ಣು ಉರಿ. ಪ್ರೆಸ್ಸಿನಲ್ಲಿ ಫ್ಯಾನ್ ಮತ್ತೆ ಕೈಕೊಟ್ಟಿದೆ — ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ರಟ್ಟು ಬೀಸಿಕೊಂಡು ಕೂತಿದ್ದೆ. ನಮ್ಮ ಚರ್ಚಿನ ಪ್ರಾರ್ಥನಾ ಪುಸ್ತಕದ ಹೊಸ ಮುದ್ರಣ ನನ್ನ ಕೈಗೇ ಬಂದಿದೆ. ಒಳಗೊಳಗೇ ಹಿಗ್ಗು. ಹೇಳಿಕೊಳ್ಳುವಂತಿಲ್ಲ, ಜಂಬ ಅನ್ನುತ್ತಾರೆ.

ಸಂಜೆ ಲಾಯರ್ ಫೋನ್. ಚರ್ಚ್ ಕಮಿಟಿಯ ಕಾರ್ಯದರ್ಶಿ, ಕೆಮ್ಮಿದರೂ 'ಪಾಯಿಂಟ್ ಆಫ್ ಆರ್ಡರ್' ಎಂದೇ ಕೆಮ್ಮುವವರು.

"ಒಂದು ಸಣ್ಣ ತಿದ್ದುಪಡಿ ಮೇಡಂ. ದೇವರಿಗೆ ಎಲ್ಲ ಕಡೆ 'ನೀನು' ಅಂತಿದೆಯಲ್ಲ, ಅದು 'ನೀವು' ಆಗ್ಬೇಕಂತೆ. ಮಹಿಳಾ ಸಂಘದ ಸೂಚನೆ. ಮೀಟಿಂಗಲ್ಲಿ ವೋಟಿಗೆ ಹಾಕ್ತೀವಿ. ಅಷ್ಟರಲ್ಲಿ ನೀವೊಂದು ಪ್ರತಿ ರೆಡಿ ಮಾಡಿ."

ಸಣ್ಣ ತಿದ್ದುಪಡಿಯಂತೆ! ಮಹಿಳಾ ಸಂಘ ಎಂದರೆ ನಮ್ಮಕ್ಕ. ಒಂದೇ ಮನೆಯಲ್ಲಿದ್ದೇವೆ, ಒಂದೇ ಪಾತ್ರೆಯ ಕಾಫಿ ಕುಡಿಯುತ್ತೇವೆ. ನನಗೆ ಮಾತ್ರ ಬಾಯಿ ಬಿಟ್ಟಿಲ್ಲ, ಪುಣ್ಯಾತ್ಗಿತ್ತಿ.

ಜೂನ್ 4, ಬೆಳಿಗ್ಗೆ

ಕೇಳಿಯೇಬಿಟ್ಟೆ. ಅಕ್ಕ ಹಾಲು ಕಾಯಿಸುತ್ತಿದ್ದಳು, ತಿರುಗಿಯೂ ನೋಡಲಿಲ್ಲ.

"ಹೆಡ್ ನರ್ಸ್ ಆಗಿದ್ದಾಗ, ಗಾಯದಲ್ಲಿ ಹುಳ ಬಿದ್ದಿದ್ದ ಭಿಕ್ಷುಕನಿಗೂ 'ನೀವು' ಅನ್ನಿ ಅಂತ ಇಡೀ ವಾರ್ಡಿಗೆ ಕಲಿಸಿದೋಳು ನಾನು. ಅಂಥೋಳು ಚರ್ಚಿಗೆ ಹೋಗಿ ದೇವರಿಗೆ ಬಾ, ಹೋಗು ಅನ್ಲಾ?"

ಒಳ್ಳೆಯ ಮಾತು, ಹಾಳಾದ್ದು.

"ತಂದೆ ಅಂತ ಕರೆಯೋಕೆ ಕಲಿಸಿದಾನಲ್ಲ ಯೇಸು? ಮತ್ಯಾಕೆ ಈ ಬಹುವಚನ?"

"ಅಪ್ಪನಿಗೆ ನಾನು ಯಾವತ್ತೂ 'ನೀನು' ಅಂದಿಲ್ಲ."

"ನಾನು ಅಂದಿದ್ದೀನಿ."

"ನಿನಗೆ ಹುಟ್ಟಿದಾಗಿಂದ ನಾಲಿಗೆ ಉದ್ದ."

ಮೀಟಿಂಗಲ್ಲಿ ನಿನ್ನ ವಿರುದ್ಧ ಎದ್ದು ನಿಂತು ಮಾತಾಡ್ತೀನಿ ಎಂದೆ. ಅಕ್ಕ ಒಲೆ ಆರಿಸಿದಳು. ಇಕ್ಕಳ ಪಕ್ಕಕ್ಕಿಟ್ಟಳು.

"ಆಯ್ತು. ನೀವು ದೊಡ್ಡೋರು, ಓದಿದೋರು. ನಿಮಗೆ ತೋಚಿದ ಹಾಗೆ ಮಾಡಿ."

ನೀವು! ನನಗೆ! ಜಡೆ ಹೆಣೆದು ಬೆಳೆಸಿದ ತಂಗಿಗೆ!

ಜೂನ್ 6

ಹೇಳಿದ ಕೆಲಸ ಮಾಡಬೇಕಲ್ಲ. 'ನಿನ್ನ' ಇರುವಲ್ಲೆಲ್ಲ 'ನಿಮ್ಮ' ಹಾಕು ಎಂದು ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಓದಿ ನೋಡಿದರೆ — 'ನಿಮ್ಮೆಯ ದಿನದ ತಪ್ಪುಗಳನ್ನು ಮನ್ನಿಸು.'

ನಿಮ್ಮೆ! 'ನಿನ್ನೆ'ಯ ಹೊಟ್ಟೆಯೊಳಗೂ ಒಂದು 'ನಿನ್ನ' ಕೂತಿದೆ ಎಂದು ಇಷ್ಟು ವರ್ಷ ಪ್ರೂಫ್ ತಿದ್ದಿದವಳಿಗೆ ಹೊಳೆದೇ ಇರಲಿಲ್ಲ. ಒಬ್ಬಳೇ ಕೂತು ಹೊಟ್ಟೆ ಹಿಡಿದು ನಕ್ಕೆ. ಇದನ್ನು ಮೊದಲು ಅಕ್ಕನಿಗೇ ಹೇಳಬೇಕು ಎಂದು ಓಡೋಡಿ ಮನೆಗೆ ಬಂದೆ.

"ನೀವು ಊಟ ಮಾಡ್ತೀರಾ, ಇಲ್ಲ ಮುಚ್ಚಿಡ್ಲಾ?"

ನಗು ಅಲ್ಲೇ ಇಂಗಿತು. ಹೇಳಲಿಲ್ಲ.

ಜೂನ್ 16, ಭಾನುವಾರ

ಹತ್ತು ದಿನದಿಂದ ಬರೆಯುವ ಮನಸ್ಸೇ ಇಲ್ಲ. ಮನೆಯಲ್ಲಿ ನೀವು, ತಾವು, ಬನ್ನಿ, ಕೂತ್ಕೊಳ್ಳಿ. ಬ್ಯಾಂಕಿನ ಕೌಂಟರಿನಲ್ಲಿ ಸಂಸಾರ ಮಾಡಿದ ಹಾಗಿದೆ.

ಇವತ್ತು ಆರಾಧನೆಯಲ್ಲಿ ಪಾದ್ರಿ ಅಯ್ಯನವರು ನನ್ನ 'ನೀವು' ಪ್ರತಿಯನ್ನೇ ಓದಿದರು, ಪರೀಕ್ಷೆಗೆಂದು. ಕೇಳಲು ಚೆನ್ನಾಗಿಯೇ ಇತ್ತು... ಮೇಲಧಿಕಾರಿಗೆ ಅರ್ಜಿ ಓದಿದಂತೆ. ಹಿಂದಿನ ಬೆಂಚಿನವರು ತಲೆಯಾಡಿಸಿದರು. ಲಾಯರ್ ಮೀಸೆಯಲ್ಲೇ ನಕ್ಕರು. ಸೋಲುತ್ತೇನೆ ಅನ್ನಿಸಿತು. ಹೆದರಿಕೆಯೂ ಆಯಿತು — ಒಮ್ಮೆ ಅಚ್ಚಾದರೆ ಮುಂದಿನ ಮಕ್ಕಳು ಪ್ರಾರ್ಥನೆ ಕಲಿಯುವುದೇ ಆ ಮಾತಿನಲ್ಲಿ.

ಮನೆಯಲ್ಲಿ ನಾನೂ ಪ್ರಯತ್ನಿಸಿದೆ. 'ಕರ್ತರೇ, ದಯವಿಟ್ಟು ನೀವು ನಮ್ಮಕ್ಕನ ಮನಸ್ಸು...' ಅಲ್ಲಿಗೇ ಬಿಟ್ಟು 'ನೀನು' ಎಂದೇ ಮೊದಲಿಂದ ಶುರುಮಾಡಿದೆ. ಸಂಕಟಕ್ಕೆ ಬಹುವಚನ ಬರುವುದಿಲ್ಲ. ದೇವರ ವಾಕ್ಯವೇ ಯೇಸು ಎಂಬ ಮನುಷ್ಯನಾಗಿ ನಮ್ಮ ನಡುವೆ ಬಂತು ಎಂದು ನಂಬುವವರು ನಾವು. ಬಂದದ್ದು ದೊಡ್ಡ ಮಾತಾಗಿ ಅಲ್ಲ, ಮನೆಮಾತಾಗಿ. ಮತ್ತೆ ಅದನ್ನು ಎತ್ತಿ ಅಟ್ಟದ ಮೇಲೆ ಇಡುವುದೇ?

ಆದರೆ ಅಕ್ಕನ ಭಿಕ್ಷುಕ ನನ್ನನ್ನು ಬಿಡುತ್ತಿಲ್ಲ. ಅವನಿಗೆ ಉತ್ತರ ಕೊಡದೆ ಎದ್ದು ನಿಲ್ಲುವ ಯೋಗ್ಯತೆ ನನಗಿಲ್ಲ.

ಜೂನ್ 20, ಪ್ರೆಸ್ಸಿನಲ್ಲಿ, ಊಟದ ಬಿಡುವು

ಸಿಕ್ಕಿತು! ರೋಗಿಗಳ ಭೇಟಿಯ ಭಾಗ ತಿದ್ದುತ್ತಿದ್ದೆ. ಹಾಸಿಗೆ ಹಿಡಿದವನಿಗೆ ಅಯ್ಯನವರು ಕೇಳುವ ಪ್ರಶ್ನೆ — 'ನೀನು ನಿನ್ನ ಅಪರಾಧಗಳನ್ನು ಒಪ್ಪಿಕೊಳ್ಳುವೆಯಾ?' ಎಂಬತ್ತರ ಮುದುಕನಾದರೂ ನೀನೇ. ಇಷ್ಟು ವರ್ಷ ಕಣ್ಣಿಗೆ ಬಿದ್ದೇ ಇರಲಿಲ್ಲ. ಅಕ್ಕ ಹೇಳಿದ್ದು ಸರಿ. ವಿಳಾಸ ಮಾತ್ರ ತಪ್ಪು.

ಜೂನ್ 23, ಭಾನುವಾರ, ಮಧ್ಯಾಹ್ನ

ಬಿಸಿ ಆರುವ ಮೊದಲು ಬರೆಯಬೇಕು.

ಮೀಟಿಂಗಿಗೆ ಹಾಲ್ ಭರ್ತಿ. ಅಕ್ಕ ವಾರ್ಡಿನ ಮಾತು ಹೇಳಿದಳು, ಚೆನ್ನಾಗಿ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ನನ್ನ ಸರದಿ. ಬರೆದುಕೊಂಡು ಹೋಗಿದ್ದೆಲ್ಲ ಮರೆತೇಹೋಯಿತು. ಬಾಯಿಗೆ ಬಂದದ್ದು ಇಷ್ಟು:

"ನಮ್ಮಕ್ಕ ನನ್ನ ಮೇಲೆ ಸಿಟ್ಟಾಗಿ ಮೂರು ವಾರ ಆಗ್ತಾ ಬಂತು. ಅವತ್ತಿಂದ ನನಗೆ 'ನೀವು' ಅಂತಾಳೆ. ನನ್ನ ಜನ್ಮದಲ್ಲಿ ಇಷ್ಟು ಮರ್ಯಾದೆ ಯಾರೂ ಕೊಟ್ಟಿಲ್ಲ. ಇಷ್ಟು ದೂರನೂ ಯಾರೂ ಇಟ್ಟಿಲ್ಲ. ದೇವರನ್ನ ಹೀಗೆ ದೂರ ಇಡೋದು ಬೇಡ."

ಹಾಲಿನಲ್ಲಿ ನಗು. ನಾನು ನಿಲ್ಲಿಸಲಿಲ್ಲ.

"ಆದ್ರೆ ಅವಳ ವಾರ್ಡಿನ 'ನೀವು' ನಮಗೆ ಬೇಕು. ಈ ಪುಸ್ತಕದಲ್ಲಿ ರೋಗಿಗೆ 'ನೀನು' ಅಂತಿದೆ. ಮದುಮಕ್ಕಳಿಗೆ 'ನೀನು'. ಅಲ್ಲೆಲ್ಲ 'ನೀವು' ಹಾಕೋಣ. ಮೇಲೆತ್ತಬೇಕಾದ್ದು ಮನುಷ್ಯರನ್ನ. ದೇವರು ಮೇಲಿಂದ ತಾನೇ ಇಳಿದು ಬಂದವನು. ಅವನಿಗೆ 'ನೀನು'. ಮನುಷ್ಯರಿಗೆ 'ನೀವು'."

ಲಾಯರ್ ಎದ್ದರು: "ಪಾಯಿಂಟ್ ಆಫ್ ಆರ್ಡರ್! ಮನೆ ಜಗಳ ಇಲ್ಲಿ..."

ನಾನೂ ಬಿಡಲಿಲ್ಲ. ಅಕ್ಕ ನನಗೆ ಮೊನ್ನೆ ಕಾಫಿ ಕೊಟ್ಟದ್ದು ಹೇಗೆ, ಕೊಡೆ ಕೊಟ್ಟದ್ದು ಹೇಗೆ ಎಂದು ಅಭಿನಯಿಸಿ ತೋರಿಸತೊಡಗಿದೆ. ಮುಂದಿನ ಸಾಲಿನಿಂದ ಅಕ್ಕನ ದನಿ, ಇಡೀ ಹಾಲಿಗೆ ಕೇಳುವಂತೆ:

"ಏ, ಕೂತ್ಕೊಳ್ಳೇ ಸಾಕು! ನಿನ್ನ ಬಾಯಿಗಿಷ್ಟು ಬೀಗ ಹಾಕ!"

ನಿನ್ನ!

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಅಯ್ಯನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಕ್ಕ ಮೊದಲು ಕೆಂಪಾದಳು, ಮತ್ತೆ ತಾನೂ ನಕ್ಕಳು, ನಗುತ್ತಲೇ ಅತ್ತಳು. ಎದ್ದು ನಿಂತು ಹೇಳಿದಳು: "ನನ್ನ ಸೂಚನೆ ವಾಪಸ್ ತಗೋತೀನಿ. ಇವಳದ್ದಕ್ಕೆ ನನ್ನ ಅನುಮೋದನೆ. ರೋಗಿಗಳಿಗೆ ಮಾತ್ರ 'ನೀವು' ತಪ್ಪಬಾರದು. ತಪ್ಪಿದ್ರೆ ಪುಸ್ತಕಾನೇ ವಾಪಸ್ ಕಳಿಸ್ತೀನಿ."

ಕೈ ಎತ್ತಿಸಿದರು. ಎಣಿಸುವ ಅಗತ್ಯವೇ ಬೀಳಲಿಲ್ಲ. ಲಾಯರ್ ಕೂಡ ಎತ್ತಿದರು — ಪಾಯಿಂಟ್ ಆಫ್ ಆರ್ಡರ್ ಎತ್ತಲಿಕ್ಕೋ, ವೋಟಿಗೋ ಗೊತ್ತಿಲ್ಲ. ಗೆದ್ದೆವು. ಗೆದ್ದೆ ಅಲ್ಲ, ಗೆದ್ದೆವು. ಈ ಬಹುವಚನಕ್ಕೆ ನನ್ನ ತಕರಾರಿಲ್ಲ. ದೇವರೇ, ನೀನು ದೊಡ್ಡವನು.

ಅಡುಗೆಮನೆಯಿಂದ ಕೂಗುತ್ತಿದ್ದಾಳೆ. "ಏನೇ ಅದು ಗೀಚೋದು? ನಿನಗೆ ಹಸಿವಿಲ್ದಿದ್ರೆ ನನಗಿದೆ. ಬರ್ತೀಯೋ ಇಲ್ಲ ಕಿವಿ ಹಿಂಡಿ ಎಳ್ಕೊಂಡು..."

ಬಂದೆ ಕಣೇ ಅಕ್ಕಾ, ಬಂ—